ಪೆಟ್ಟಿಗೆ ಬಿಟ್ಟ ಬೆಕ್ಕಿಗೆ ಯಾವ ಲಿಟರ್, ಎಂಥ ಟಬ್, ಯಾವ ಕ್ಲೀನರ್

ಮೊದಲೇ ತೀರ್ಪು ಹೇಳಿಬಿಡುತ್ತೇವೆ. ಲಿಟರ್ ಬಾಕ್ಸ್, ಅಂದರೆ ಬೆಕ್ಕಿನ ಮಲಮೂತ್ರಕ್ಕೆಂದು ಲಿಟರ್ ಎಂಬ ಹೀರುವ ಪುಡಿ ಹಾಕಿಡುವ ಪೆಟ್ಟಿಗೆ, ಬಿಟ್ಟು ಹಾಸಿಗೆಯ ಮೇಲೋ ಬಚ್ಚಲಲ್ಲೋ ಉಚ್ಚೆ ಹೊಯ್ಯಲು ಶುರುಮಾಡಿದ ಬೆಕ್ಕಿಗಾಗಿ ಅಂಗಡಿಯಲ್ಲಿ ಕೊಳ್ಳಬೇಕಾದದ್ದು ಮೂರೇ ವಸ್ತು. ಪರಿಮಳ ಹಾಕದ, ಸಣ್ಣ ಕಣದ, ಒದ್ದೆಯಾದರೆ ಉಂಡೆ ಕಟ್ಟುವ ಬೆಂಟೊನೈಟ್ ಜೇಡಿಯ ಲಿಟರ್. ಮುಚ್ಚಳವಿಲ್ಲದ ದೊಡ್ಡ ಪ್ಲಾಸ್ಟಿಕ್ ಟಬ್. ಮೂತ್ರದ ಕಲೆಗೆಂದೇ ತಯಾರಾದ ಎಂಜೈಮ್ ಕ್ಲೀನರ್. ಲ್ಯಾವೆಂಡರ್ ಘಮದ ಲಿಟರ್, ಬಾಗಿಲಿರುವ ಮುಚ್ಚಿದ ಪೆಟ್ಟಿಗೆ, ಮೇಲೆ ಉದುರಿಸುವ ಸುವಾಸನೆಯ ಪುಡಿ ಇವೆಲ್ಲ ಮನುಷ್ಯರ ಮೂಗು ಮತ್ತು ಕಣ್ಣಿಗೆಂದು ಮಾಡಿದ ಸಾಮಾನು. ಬೆಕ್ಕು ನೋಡುವುದು ಎರಡನ್ನೇ: ಪಾದಕ್ಕೆ ಹೇಗಿದೆ, ಮೂಗಿಗೆ ಹೇಗಿದೆ. ಈ ವಿಮರ್ಶೆಯ ಅಳತೆಗೋಲೂ ಅದೇ.

ಆದರೆ ಏನನ್ನಾದರೂ ಕೊಳ್ಳುವ ಮುಂಚೆ ಪಶುವೈದ್ಯರ ಹತ್ತಿರ ಹೋಗಬೇಕು. ಪೆಟ್ಟಿಗೆ ಬಿಡುವುದು ಬಹಳ ಸಲ ಕಾಯಿಲೆಯ ಮೊದಲ ಲಕ್ಷಣ. ಮೂತ್ರಕೋಶದ ಉರಿ, ಹರಳು, ಕಿಡ್ನಿ ತೊಂದರೆ, ಸಕ್ಕರೆ ಕಾಯಿಲೆ, ವಯಸ್ಸಾದ ಬೆಕ್ಕಿನ ಕೀಲುನೋವು, ಮಲಬದ್ಧತೆ, ಯಾವುದೂ ಇರಬಹುದು. ಉಚ್ಚೆ ಹೊಯ್ಯುವಾಗ ನೋವಾದರೆ ಬೆಕ್ಕು ಆ ನೋವನ್ನು ಪೆಟ್ಟಿಗೆಯ ಜೊತೆ ಗಂಟು ಹಾಕಿಕೊಳ್ಳುತ್ತದೆ, ನೋವಿಲ್ಲದ ಜಾಗ ಹುಡುಕಿಕೊಂಡು ಹೊರಡುತ್ತದೆ. ಅದಕ್ಕೇ ಔಷಧಿಯಿಂದ ಕಾಯಿಲೆ ವಾಸಿಯಾದ ಮೇಲೂ ಕೆಲವು ಬೆಕ್ಕುಗಳು ಹಳೆಯ ಪೆಟ್ಟಿಗೆಯ ಕಡೆ ತಿರುಗಿ ನೋಡುವುದಿಲ್ಲ. ಗಂಡು ಬೆಕ್ಕು ಮತ್ತೆ ಮತ್ತೆ ಕೂತು ತಿಣುಕುತ್ತಿದ್ದು, ಹನಿಯೂ ಬರದೆ, ಕೂಗುತ್ತಾ ಕೆಳಗೆ ನೆಕ್ಕಿಕೊಳ್ಳುತ್ತಿದ್ದರೆ ಮೂತ್ರನಾಳ ಕಟ್ಟಿಕೊಂಡಿದೆ ಎಂದೇ ತಿಳಿಯಬೇಕು. ಹೆಣ್ಣಿಗಿಂತ ಗಂಡಿನ ಮೂತ್ರನಾಳ ತೀರಾ ಸಪೂರ. ಕಟ್ಟಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ, ಹೃದಯದ ಬಡಿತ ತಪ್ಪಿ, ಒಂದೆರಡು ದಿನದಲ್ಲೇ ಜೀವ ಹೋಗಬಹುದು. ಬೆಳಗಾಗಲಿ ಎಂದು ಕಾಯುವ ಕಾಯಿಲೆ ಇದಲ್ಲ, ರಾತ್ರಿಯೇ ಹೊರಡಬೇಕು.

ಇನ್ನೊಂದನ್ನೂ ಖಚಿತ ಮಾಡಿಕೊಳ್ಳಿ. ಗೋಡೆ, ಪರದೆ, ಸೋಫಾದ ಬೆನ್ನಿಗೆ ನಿಂತುಕೊಂಡೇ, ಬಾಲ ಎತ್ತಿ ನಡುಗಿಸುತ್ತಾ ಸ್ವಲ್ಪವೇ ಚಿಮ್ಮಿಸಿದರೆ ಅದು ಗುರುತು ಹಾಕುವ ಕೆಲಸ. ಅದಕ್ಕೆ ಲಿಟರ್ ಬದಲಿಸಿ ಪ್ರಯೋಜನವಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗದಿದ್ದರೆ ಮೊದಲು ಅದನ್ನು ಮಾಡಿಸಿ, ಕಿಟಕಿಯಾಚೆ ಬೀದಿಬೆಕ್ಕು ಬಂದು ಕೂರುತ್ತಿದ್ದರೆ ಆ ನೋಟ ಕಾಣದಂತೆ ಮರೆ ಮಾಡಿ. ಕೂತುಕೊಂಡು, ನೆಲದ ಮೇಲೆ ದೊಡ್ಡ ಕೊಚ್ಚೆ ಬಿಟ್ಟರೆ ಅದು ಪೆಟ್ಟಿಗೆಯ ಮೇಲಿನ ದೂರು. ಮುಂದಿನ ಮಾತೆಲ್ಲ ಈ ಎರಡನೆಯದಕ್ಕೆ.

ಲಿಟರ್‌ಗಳಲ್ಲಿ ಬೆಂಟೊನೈಟ್‌ಗೆ ಮೊದಲ ಸ್ಥಾನ ಕೊಡಲು ಕಾರಣವಿದೆ. ಅಮೆರಿಕದ ಮಿಷಿಗನ್‌ನಲ್ಲಿ 1947ರಲ್ಲಿ ಎಡ್ ಲೋ ಎಂಬಾತ ಬೂದಿಯ ಬದಲು ಹೀರುವ ಮಣ್ಣನ್ನು ಬೆಕ್ಕಿನ ಪೆಟ್ಟಿಗೆಗೆ ಕೊಟ್ಟಾಗ ಈ ವ್ಯಾಪಾರ ಶುರುವಾಯಿತು. ಆ ಮಣ್ಣು ಹೀರುತ್ತಿತ್ತು, ಉಂಡೆ ಕಟ್ಟುತ್ತಿರಲಿಲ್ಲ. ನೀರು ಬಿದ್ದರೆ ಉಬ್ಬಿ ಅಂಟುವ ಸೋಡಿಯಂ ಬೆಂಟೊನೈಟ್ ಬಳಕೆಗೆ ಬಂದದ್ದು 1980ರ ದಶಕದಲ್ಲಿ. ನಮ್ಮಲ್ಲಿ ಈ ಜೇಡಿ ಗುಜರಾತಿನ ಕಚ್ಛ್ ಮತ್ತು ರಾಜಸ್ಥಾನದ ಬಾಡಮೇರ್ ಕಡೆ ಹೇರಳವಾಗಿ ಸಿಗುತ್ತದೆ. ಕಣ ಸಣ್ಣಗೆ ಮರಳಿನಂತೆ ಇರುವುದರಿಂದ ಪಾದಕ್ಕೆ ಚುಚ್ಚುವುದಿಲ್ಲ, ಕೆದಕಲು ಮುಚ್ಚಲು ಹಿತ. ಬೆಕ್ಕುಗಳ ಮುಂದೆ ಹಲವು ಬಗೆಯ ಲಿಟರ್ ಇಟ್ಟು ನೋಡಿದಾಗ ಹೆಚ್ಚಿನವು ಹೋಗುವುದು ಸಣ್ಣ ಕಣದ, ಉಂಡೆ ಕಟ್ಟುವ ಜೇಡಿಯ ಕಡೆಗೇ.

ನಮಗೆ ಅದಕ್ಕಿಂತ ದೊಡ್ಡ ಲಾಭ ಉಂಡೆಗಳ ಲೆಕ್ಕ. ಆರೋಗ್ಯವಂತ ಬೆಕ್ಕು ದಿನಕ್ಕೆ ಎರಡರಿಂದ ನಾಲ್ಕು ಸಲ ಉಚ್ಚೆ ಹೊಯ್ಯುತ್ತದೆ, ಅಷ್ಟೇ ಉಂಡೆ ಸಿಗಬೇಕು. ಗೋಲಿಯಷ್ಟು ಸಣ್ಣ ಉಂಡೆ ಎಂಟು ಹತ್ತು ಸಿಕ್ಕರೆ ಮೂತ್ರಕೋಶ ಉರಿಯುತ್ತಿರಬಹುದು. ಇದ್ದಕ್ಕಿದ್ದಂತೆ ಉಂಡೆಗಳು ಎರಡು ಪಟ್ಟು ದೊಡ್ಡದಾದರೆ ಕಿಡ್ನಿ ಅಥವಾ ಸಕ್ಕರೆ ಕಾಯಿಲೆ ಪರೀಕ್ಷೆ ಮಾಡಿಸಬೇಕು. ಉಂಡೆಯೇ ಇಲ್ಲದ ದಿನ ಬೆಕ್ಕು ಬೇರೆಲ್ಲೋ ಹೋಗಿದೆ, ಇಲ್ಲವೇ ಕಟ್ಟಿಕೊಂಡಿದೆ. ಬೇರೆ ಯಾವ ಲಿಟರ್ರೂ ಇಷ್ಟು ನಿಚ್ಚಳವಾಗಿ ಸುದ್ದಿ ಕೊಡುವುದಿಲ್ಲ.

ಒಳ್ಳೆಯ ಚೀಲ ಯಾವುದೆಂದು ಮನೆಯಲ್ಲೇ ಪರೀಕ್ಷಿಸಬಹುದು. ಒಂದು ಬಟ್ಟಲು ಲಿಟರ್‌ಗೆ ಎರಡು ಚಮಚ ನೀರು ಹಾಕಿ ಹದಿನೈದು ನಿಮಿಷ ಬಿಡಿ. ಚಮಚದಿಂದ ಎತ್ತಿದರೆ ಉಂಡೆ ಇಡಿಯಾಗಿ ಬರಬೇಕು. ಪುಡಿಪುಡಿಯಾಗಿ ಉದುರಿದರೆ ಜೇಡಿ ಕಳಪೆ, ಆ ಪುಡಿ ಪೆಟ್ಟಿಗೆಯಲ್ಲೇ ಉಳಿದು ನಾರುತ್ತದೆ. ಇನ್ನೊಂದು ಹಿಡಿಯನ್ನು ಒಂದಡಿ ಎತ್ತರದಿಂದ ಕಪ್ಪು ಬಟ್ಟೆಯ ಮೇಲೆ ಸುರಿದು ನೋಡಿ. ಹೊಗೆಯಂತೆ ಧೂಳೆದ್ದರೆ ಬೇಡ, ಅಸ್ತಮಾ ಇರುವ ಬೆಕ್ಕಿಗಂತೂ ಖಂಡಿತ ಬೇಡ. ಚೀಲದ ಮೇಲೆ ಲ್ಯಾವೆಂಡರ್, ನಿಂಬೆ, ಆಪಲ್, ಬೇಬಿ ಪೌಡರ್ ಎಂದೇನಾದರೂ ಬರೆದಿದ್ದರೆ ಅಲ್ಲೇ ಇಟ್ಟು ಬನ್ನಿ. ನಿಂಬೆಜಾತಿಯ ವಾಸನೆ ಬೆಕ್ಕಿಗೆ ಆಗುವುದೇ ಇಲ್ಲ.

ಬೆಂಟೊನೈಟ್ ಕೊಂಡವರ ಅತಿ ಸಾಮಾನ್ಯ ತಪ್ಪು ಜಿಪುಣತನ. ಆಳ ಕನಿಷ್ಠ 5 ಸೆಂಟಿಮೀಟರ್ ಇರಬೇಕು. 60 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲದ ಟಬ್ಬಿಗೆ ಅದು 12 ಲೀಟರ್ ಲಿಟರ್, ತೂಕದಲ್ಲಿ ಹತ್ತು ಕಿಲೋದ ಆಸುಪಾಸು. ಐದು ಕಿಲೋ ಚೀಲ ಪೂರ್ತಿ ಸುರಿದರೂ ಎರಡೂವರೆ ಸೆಂ.ಮೀ.ಗಿಂತ ಮೇಲೇಳುವುದಿಲ್ಲ. ಹೆಚ್ಚಿನ ಮನೆಗಳಲ್ಲಿ ಅದರಲ್ಲೂ ಅರ್ಧ ಚೀಲವೇ ಬೀಳುತ್ತದೆ. ಆಗ ಉಚ್ಚೆ ನೇರ ತಳಕ್ಕೆ ಇಳಿದು, ಪ್ಲಾಸ್ಟಿಕ್ಕಿಗೆ ಅಂಟಿ, ಸ್ಕೂಪಿನಲ್ಲಿ ಕೆರೆದರೆ ಕೆಸರಾಗಿ ಹರಡುತ್ತದೆ. ಬೆಕ್ಕಿನ ಕಾಲಿಗೆ ಸಿಗುವುದು ಆ ಕೆಸರು. ಲಿಟರ್ ಸರಿಯಿಲ್ಲ ಎಂದು ಬೈಯುವವರಲ್ಲಿ ಅರ್ಧ ಜನ ಆಳ ಅಳೆದಿರುವುದಿಲ್ಲ. ಸರಿಯಾದ ಆಳದಲ್ಲಿ, ದಿನಕ್ಕೆ ಎರಡು ಸಲ ಉಂಡೆ ತೆಗೆದು, ತೆಗೆದಷ್ಟು ಹೊಸದು ಸೇರಿಸುತ್ತಾ ಹೋದರೆ ಪೂರ್ತಿ ಬದಲಿಸುವುದು ಮೂರು ನಾಲ್ಕು ವಾರಕ್ಕೊಮ್ಮೆ ಸಾಕು. ಹಾಗಾಗಿ ಚೀಲದ ಬೆಲೆ ನೋಡಬೇಡಿ, ತಿಂಗಳ ಖರ್ಚು ನೋಡಿ.

ಬೆಂಟೊನೈಟ್ ಎಲ್ಲರಿಗೂ ಅಲ್ಲ. ಎರಡು ಮೂರು ತಿಂಗಳೊಳಗಿನ ಮರಿಗಳು ಅದನ್ನು ತಿನ್ನುತ್ತವೆ, ಹೊಟ್ಟೆಯಲ್ಲಿ ಉಬ್ಬುತ್ತದೆ. ಅವಕ್ಕೆ ಕಾಗದದ ಪೆಲೆಟ್ ಕೊಡಿ. ಶಸ್ತ್ರಚಿಕಿತ್ಸೆಯ ಹೊಲಿಗೆ ಇರುವ ಬೆಕ್ಕಿಗೂ ಗಾಯ ಒಣಗುವ ತನಕ ಕಾಗದವೇ ವಾಸಿ. ಪರ್ಷಿಯನ್ ಬೆಕ್ಕುಗಳ ಬೆರಳ ಸಂದಿಯ ಕೂದಲಿಗೆ ಒದ್ದೆ ಜೇಡಿ ಗಟ್ಟಿಯಾಗಿ ಹಿಡಿದು, ನಡೆದರೆ ಚುಚ್ಚುವಂತಾಗುತ್ತದೆ. ಪಾದದ ಅಡಿಯ ಕೂದಲನ್ನು, ಹಿಂಬದಿಯ ಕೂದಲನ್ನು ಕತ್ತರಿಸಿ ನೋಡಿ, ಆಗಲೂ ಒಪ್ಪದಿದ್ದರೆ ಟೋಫು ಲಿಟರ್‌ಗೆ ಹೋಗಿ.

ಸೋಯಾ ನಾರು, ಪಿಷ್ಟ, ಗೋರಿಕಾಯಿ ಜಾತಿಯ ಅಂಟು ಸೇರಿಸಿ ಶ್ಯಾವಿಗೆ ತುಂಡಿನಂತೆ ಮಾಡಿದ ಟೋಫು ಲಿಟರ್ ಈಗ ಎಲ್ಲ ಆನ್‌ಲೈನ್ ಅಂಗಡಿಗಳಲ್ಲೂ ಇದೆ. ಧೂಳು ಕಡಿಮೆ, ಹಗುರ, ಪಾದಕ್ಕೆ ಅಂಟುವುದೂ ಕಡಿಮೆ. ಲಿಫ್ಟಿಲ್ಲದ ಮೂರನೇ ಮಹಡಿಗೆ ಹೊರುವವರಿಗೆ ಇದು ಸಣ್ಣ ಲಾಭವಲ್ಲ. ಆದರೆ ಉಂಡೆ ಬೆಂಟೊನೈಟಿನಷ್ಟು ಬಿಗಿಯಲ್ಲ, ಬೇಗ ಎತ್ತಿದರೆ ಮುರಿಯುತ್ತದೆ. ಮಾಮೂಲಿ ಪ್ಯಾಕು 6 ಲೀಟರಿನದು, ಮೇಲೆ ಹೇಳಿದ ಟಬ್ಬಿಗೆ ಎರಡು ಬೇಕು. ನಮ್ಮ ಮುಖ್ಯ ಆಕ್ಷೇಪ ಮಳೆಗಾಲದ್ದು. ಮಂಗಳೂರು, ಉಡುಪಿ, ಕಾರವಾರ, ಮಲೆನಾಡಿನ ತೇವದಲ್ಲಿ ತೆರೆದ ಪ್ಯಾಕು ಬೂಸ್ಟು ಹಿಡಿಯುತ್ತದೆ, ಹುಳ ಬೀಳುತ್ತದೆ. ಹುಳಿ ಹಿಟ್ಟಿನಂಥ ವಾಸನೆ ಬಂದ ದಿನವೇ ಬೆಕ್ಕು ಒಳಗೆ ಕಾಲಿಡುವುದು ನಿಲ್ಲಿಸುತ್ತದೆ. ಗಾಳಿಯಾಡದ ಡಬ್ಬದಲ್ಲಿಟ್ಟು, ಹದಿನೈದು ದಿನಕ್ಕೊಮ್ಮೆ ಪೂರ್ತಿ ಬದಲಿಸುವವರು ಮಾತ್ರ ಕೊಳ್ಳಿ. ಪ್ಯಾಕಿನ ಮೇಲೆ ಕಮೋಡಿಗೆ ಹಾಕಬಹುದು ಎಂದಿದ್ದರೂ ಹಾಕಬೇಡಿ. ಪೈಪು ಕಟ್ಟುವುದು ಒಂದು ಕಡೆ, ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಇದ್ದರೆ ಅದು ನೀರಿಗೆ ಸೇರುವುದು ಇನ್ನೊಂದು ಕಡೆ. ಈ ಪರಾವಲಂಬಿ ಮಲದಿಂದ ಹೊರಬಿದ್ದ ಮೇಲೆ ಸೋಂಕು ಹತ್ತಿಸುವ ಸ್ಥಿತಿಗೆ ಬರಲು ಕನಿಷ್ಠ ಒಂದು ದಿನ ಬೇಕು. ದಿನವೂ ತಪ್ಪದೆ ಮಲ ತೆಗೆಯಿರಿ ಎನ್ನುವುದು ಅದಕ್ಕೂ ಸೇರಿಯೇ. ಬಸುರಿ ಹೆಂಗಸರು ಈ ಕೆಲಸ ಮಾಡಬಾರದು, ಮನೆಯಲ್ಲಿ ಬೇರೆಯವರು ಮಾಡಲಿ.

ಸಿಲಿಕಾ ಹರಳಿನ ಲಿಟರ್ ಪೆಟ್ಟಿಗೆ ಬಿಟ್ಟ ಬೆಕ್ಕಿಗೆ ಬೇಡ. ಹರಳು ಚೂಪು, ಒದ್ದೆಯಾದಾಗ ಚಟಪಟ ಸದ್ದು ಮಾಡುತ್ತದೆ, ಉಚ್ಚೆ ಒಳಗೇ ಉಳಿಯುವುದರಿಂದ ಲೆಕ್ಕವೂ ಸಿಗುವುದಿಲ್ಲ. ಪೈನ್ ಪೆಲೆಟ್ಟಿಗೂ ಹೆಚ್ಚುಕಡಿಮೆ ಇದೇ ಮಾತು: ದಪ್ಪ, ಮರದ ವಾಸನೆ ಜೋರು, ಜರಡಿ ತಟ್ಟೆ ಬೇರೆ ಬೇಕು.

ದುಡ್ಡಿನ ತೊಂದರೆ ಇದ್ದರೆ, ಅಥವಾ ಬೀದಿಯಿಂದ ಬಂದು ಮಣ್ಣಿಗೇ ಒಗ್ಗಿದ ಬೆಕ್ಕಾದರೆ, ನರ್ಸರಿಯಲ್ಲಿ ಸಿಗುವ, ತೆಂಗಿನ ನಾರಿನ ಪುಡಿಯನ್ನು ಇಟ್ಟಿಗೆಯಂತೆ ಒತ್ತಿದ ಕೊಕೊಪೀಟ್ ಒಳ್ಳೆಯ ಆಯ್ಕೆ. ಐದು ಕಿಲೋ ಇಟ್ಟಿಗೆಯನ್ನು ನೀರಲ್ಲಿ ಅರಳಿಸಿ, ಬಿಸಿಲಿಗೆ ಹರಡಿ ಪೂರ್ತಿ ಒಣಗಿಸಿ ಬಳಸಬೇಕು. ತೇವವಿದ್ದರೆ ಬೂಸ್ಟು ಬರುತ್ತದೆ. ಮಣ್ಣಿನಂತೆ ಮೆತ್ತಗಿರುವುದರಿಂದ ಹೂಕುಂಡ ಕೆದಕುವ ಬೆಕ್ಕು ತಕ್ಷಣ ಒಪ್ಪುತ್ತದೆ. ಉಂಡೆ ಕಟ್ಟುವುದಿಲ್ಲ, ಹಾಗಾಗಿ ಮಲ ದಿನವೂ ತೆಗೆದು, ಒದ್ದೆ ಭಾಗ ಬಗೆದು ಹಾಕಿ, ವಾರಕ್ಕೊಮ್ಮೆ ಪೂರ್ತಿ ಬದಲಿಸಬೇಕು. ಮನೆಯೆಲ್ಲ ಕಂದು ಹೆಜ್ಜೆ ಬೀಳುತ್ತದೆ, ಪೆಟ್ಟಿಗೆಯ ಮುಂದೆ ಒಂದು ಗೋಣಿತಾಟು ಹಾಸಿ. ಮರಳೂ ಆಗುತ್ತದೆ, ಭಾರ ಮತ್ತು ವಾಸನೆ ಸಹಿಸಿಕೊಳ್ಳುವುದಾದರೆ. ಪ್ಲೈವುಡ್ ಅಂಗಡಿಯ ಮರದ ಹೊಟ್ಟು ಮಾತ್ರ ಬೇಡವೇ ಬೇಡ. ಅದರಲ್ಲಿ ಅಂಟು, ಪಾಲಿಷು, ಗೆದ್ದಲಿನ ಔಷಧಿ ಎಲ್ಲ ಬೆರೆತಿರುತ್ತದೆ.

ಪೆಟ್ಟಿಗೆಯ ವಿಷಯದಲ್ಲಿ ಸಾಕುಪ್ರಾಣಿ ಅಂಗಡಿಗಳ ಸಾಮಾನು ನಮಗೆ ಹಿಡಿಸಿಲ್ಲ. ಬೆಕ್ಕಿನ ಮೂಗಿನಿಂದ ಬಾಲದ ಬುಡದವರೆಗಿನ ಉದ್ದಕ್ಕೆ ಒಂದೂವರೆ ಪಟ್ಟು ಪೆಟ್ಟಿಗೆ ಬೇಕು. ದೊಡ್ಡ ಬೆಕ್ಕಿಗೆ ಅದು 60ರಿಂದ 70 ಸೆಂ.ಮೀ. ಅಂಗಡಿಯ ಬಣ್ಣದ ಟ್ರೇಗಳು ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಚಿಕ್ಕವು. ಒಳಗೆ ತಿರುಗಲು ಜಾಗವಿಲ್ಲದೆ ಬೆಕ್ಕು ಅಂಚಿನ ಮೇಲೆ ನಿಂತು, ಹಿಂಭಾಗ ಹೊರಗಿಟ್ಟು ಹೊಯ್ಯುತ್ತದೆ, ನಾವು ಪೆಟ್ಟಿಗೆ ಬಿಟ್ಟಿದೆ ಎನ್ನುತ್ತೇವೆ. ಪಾತ್ರೆ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಸ್ಟೋರೇಜ್ ಡಬ್ಬವೇ ಇದಕ್ಕಿಂತ ಅಗ್ಗ, ಇದಕ್ಕಿಂತ ಉತ್ತಮ. 25ರಿಂದ 30 ಸೆಂ.ಮೀ. ಗೋಡೆಯಿರುವುದನ್ನು ತಂದು, ಒಂದು ಬದಿಯಲ್ಲಿ ನೆಲದಿಂದ ಹತ್ತು ಹನ್ನೆರಡು ಸೆಂ.ಮೀ. ಬಿಟ್ಟು ಒಳಹೋಗುವ ದಾರಿ ಕತ್ತರಿಸಿ. ಮುದಿ ಬೆಕ್ಕಿಗೆ ಏಳೆಂಟು ಸೆಂ.ಮೀ. ಇರಲಿ, ಕೀಲುನೋವಿನಲ್ಲಿ ಅದು ಮೇಲೆ ಹತ್ತಲಾರದು. ಕತ್ತರಿಸಿದ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ ನಯಮಾಡಿ, ಮೇಲೆ ದಪ್ಪ ಟೇಪು ಸುತ್ತಿ. ಸಿಮೆಂಟು ಕಲಸುವ ಅಗಲದ ಪ್ಲಾಸ್ಟಿಕ್ ಬಾಂಡ್ಲಿಯೂ ನಡೆಯುತ್ತದೆ.

ಮುಚ್ಚಳದ ಪೆಟ್ಟಿಗೆಯನ್ನು ಎಲ್ಲ ಬೆಕ್ಕೂ ದ್ವೇಷಿಸುತ್ತದೆ ಎಂದಲ್ಲ, ಕೆಲವಕ್ಕೆ ಏನೂ ಅನ್ನಿಸುವುದಿಲ್ಲ. ಆದರೆ ಒಳಗಿನ ಆವಿ ಹೊರಗೆ ಹೋಗುವುದಿಲ್ಲ, ಒಳಗೇನಿದೆ ಎಂದು ನಮಗೆ ಕಾಣದೆ ತೆಗೆಯುವುದು ಮರೆತುಹೋಗುತ್ತದೆ, ಎರಡು ಬೆಕ್ಕಿರುವ ಮನೆಯಲ್ಲಿ ಒಂದು ಬಾಗಿಲಲ್ಲೇ ಕಾದು ಇನ್ನೊಂದರ ಮೇಲೆ ಎಗರುತ್ತದೆ. ಒಮ್ಮೆ ಹಾಗಾದರೆ ಸಾಕು. ಈಗಾಗಲೇ ಕೊಂಡಿದ್ದರೆ ಮುಚ್ಚಳ ಕಳಚಿ ಅಟ್ಟಕ್ಕೆ ಹಾಕಿ. ತಾನೇ ಶುಚಿಮಾಡಿಕೊಳ್ಳುವ ವಿದ್ಯುತ್ ಪೆಟ್ಟಿಗೆಗಳ ಸದ್ದು ಮತ್ತು ಇಕ್ಕಟ್ಟು ಅಂಜಿದ ಬೆಕ್ಕಿಗೆ ಆಗುವುದಿಲ್ಲ.

ಸಂಖ್ಯೆಯ ನಿಯಮ: ಬೆಕ್ಕು ಎಷ್ಟೋ ಅದಕ್ಕೊಂದು ಸೇರಿಸಿದಷ್ಟು ಪೆಟ್ಟಿಗೆ, ಬೇರೆ ಬೇರೆ ಜಾಗದಲ್ಲಿ. ಎಲ್ಲವನ್ನೂ ಒಂದೇ ಬಾಲ್ಕನಿಯಲ್ಲಿ ಸಾಲಾಗಿ ಇಟ್ಟರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ. ವಾಷಿಂಗ್ ಮಷೀನ್ ಪಕ್ಕ, ಊಟದ ತಟ್ಟೆಯ ಪಕ್ಕ, ಬಾಗಿಲು ಮುಚ್ಚಿಹೋಗುವ ಯುಟಿಲಿಟಿ, ಮಧ್ಯಾಹ್ನದ ಬಿಸಿಲು ಮತ್ತು ಮಳೆಯ ಇರಚಲು ಹೊಡೆಯುವ ಬಾಲ್ಕನಿ ಇವೆಲ್ಲ ಕೆಟ್ಟ ಜಾಗ. ದೀಪಾವಳಿಯ ಪಟಾಕಿ ಸದ್ದಿನ ದಿನಗಳಲ್ಲಿ ಬಾಲ್ಕನಿಯ ಪೆಟ್ಟಿಗೆಯೊಂದೇ ಇದ್ದರೆ ಬೆಕ್ಕು ಮಂಚದ ಕೆಳಗೆ ಹೊಯ್ಯದೆ ಇನ್ನೇನು ಮಾಡೀತು?

ಬೆಕ್ಕಿಗೆ ಏನು ಬೇಕೆಂದು ತಿಳಿಯಲು ಹಳೆಯ ಪೆಟ್ಟಿಗೆ ಮುಟ್ಟದೆ, ಅದು ಈಗ ಹೊಯ್ಯುತ್ತಿರುವ ಜಾಗದ ಹತ್ತಿರ ಒಂದೇ ಅಳತೆಯ ಎರಡು ಟಬ್ ಇಡಿ. ಒಂದರಲ್ಲಿ ಬೆಂಟೊನೈಟ್, ಇನ್ನೊಂದರಲ್ಲಿ ಅದು ಆರಿಸಿಕೊಂಡ ನೆಲಕ್ಕೆ ಹೋಲುವಂಥದ್ದು. ಹೂಕುಂಡಕ್ಕೆ ಹೋಗುವುದಕ್ಕೆ ಕೊಕೊಪೀಟ್. ಬಟ್ಟೆಯ ಮೇಲೆ ಹೊಯ್ಯುವುದಕ್ಕೆ ಹಳೆಯ ಟವಲ್ಲಿನ ತುಂಡು, ಅದರ ಮೇಲೆ ತೆಳುವಾಗಿ ಬೆಂಟೊನೈಟ್. ಬಚ್ಚಲಿನ ಮೋರಿಯಲ್ಲೋ ಸಿಂಕಿನಲ್ಲೋ ಹೊಯ್ಯುವ ಬೆಕ್ಕಿಗೆ ನುಣುಪು ನೆಲ ಇಷ್ಟ, ಅದಕ್ಕೆ ಬರೀ ಟಬ್, ಮೂಲೆಯಲ್ಲಿ ಒಂದು ಹಿಡಿ ಲಿಟರ್. ಎರಡು ವಾರ ಯಾವುದು ಹೆಚ್ಚು ಬಳಕೆಯಾಗುತ್ತದೆ ನೋಡಿ, ಆಮೇಲೆ ದಿನಕ್ಕೆ ಒಂದೊಂದು ಹಿಡಿ ಬೆಂಟೊನೈಟ್ ಸೇರಿಸುತ್ತಾ ಬನ್ನಿ. ರಬ್ಬರ್ ತಳದ ಕಾಲೊರಸುಗಳನ್ನು ಈ ದಿನಗಳಲ್ಲಿ ಎತ್ತಿಡಿ, ಉಚ್ಚೆಗೆ ಬೆಕ್ಕುಗಳನ್ನು ಅವು ಬಹಳ ಸೆಳೆಯುತ್ತವೆ.

ಇದೆಲ್ಲ ಮಾಡಿಯೂ ಸೋಲುವುದು ನೆಲ ಒರೆಸುವಾಗ. ನಮ್ಮ ಮನೆಗಳಲ್ಲಿ ಉಚ್ಚೆ ಕಂಡ ಕೂಡಲೇ ಕೈ ಹೋಗುವುದು ಫಿನಾಯಿಲ್ ಬಾಟ್ಲಿಗೆ. ಫೀನಾಲ್ ಜಾತಿಯ ರಾಸಾಯನಿಕವನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲುವುದಕ್ಕೂ ಕಾರಣ ಅದೇ ಕೊರತೆ. ಕ್ಲೋರೋಕ್ಸೈಲೆನಾಲ್ ಇರುವ ಡೆಟಾಲ್ ಕೂಡ ಇದೇ ಸಾಲಿಗೆ ಸೇರುತ್ತದೆ. ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿದರೆ ಅದು ಹೊಟ್ಟೆಗೆ ಹೋಗುತ್ತದೆ. ಪೆಟ್ಟಿಗೆಯನ್ನೂ ಅದರಿಂದಲೇ ತೊಳೆದರೆ ಬೆಕ್ಕು ಓಡಿಹೋಗುವುದು ಸಹಜ. ಬ್ಲೀಚಿಂಗ್ ಪೌಡರ್ ಇನ್ನೂ ಅಪಾಯ: ಮೂತ್ರದ ಅಮೋನಿಯಾ ಜೊತೆ ಸೇರಿ ವಿಷದ ಕ್ಲೋರಮೈನ್ ಅನಿಲ ಏಳುತ್ತದೆ. ಕಿತ್ತಳೆ ಸಿಪ್ಪೆ, ಬೆಲ್ಲ, ನೀರು ಹಾಕಿ ಮೂರು ತಿಂಗಳು ಕೊಳೆಸಿದ ಮನೆಯ ಬಯೋ ಎಂಜೈಮ್ ನೆಲ ಒರೆಸಲು ಚೆನ್ನ, ಈ ಕೆಲಸಕ್ಕಲ್ಲ. ಅದು ಬಹುಮಟ್ಟಿಗೆ ಸಿಪ್ಪೆಯ ವಾಸನೆಯ ಹುಳಿನೀರು.

ಮೂತ್ರದ ಕಲೆಗೆಂದೇ ಬರುವ ಎಂಜೈಮ್ ಕ್ಲೀನರ್ ಯೂರಿಯಾ, ಯೂರಿಕ್ ಆಮ್ಲ, ಪ್ರೋಟೀನುಗಳನ್ನು ಒಡೆಯುತ್ತದೆ. ಕೆಲಸ ಮಾಡಲಿಲ್ಲ ಎನ್ನುವವರು ಬಹುತೇಕ ಚಿಮ್ಮಿಸಿ ಒರೆಸಿದವರು. ಸರಿಯಾದ ಕ್ರಮ ಹೀಗೆ: ಹಳೆ ಬಟ್ಟೆಯಿಂದ ಒತ್ತಿ ಹೀರಿಸಿ, ತಣ್ಣೀರಿನಲ್ಲಿ ಒಮ್ಮೆ ಒರೆಸಿ, ಬಿಸಿನೀರು ಬೇಡ. ಬಿದ್ದ ಉಚ್ಚೆಗಿಂತ ಹೆಚ್ಚು ದ್ರವ ಸುರಿದು, ಉಚ್ಚೆ ಇಳಿದ ಆಳಕ್ಕೆ ಅದೂ ಇಳಿಯುವಂತೆ ಮಾಡಿ. ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಬಾಟ್ಲಿಯಲ್ಲಿ ಹೇಳಿದಷ್ಟು ಹೊತ್ತು, ಹಾಸಿಗೆಯಾದರೆ ರಾತ್ರಿಯಿಡೀ, ಒದ್ದೆಯಾಗಿಯೇ ಇರಲಿ. ಆಮೇಲೆ ತಾನಾಗಿ ಒಣಗಲಿ. ಮುಂಚೆ ಫಿನಾಯಿಲ್ ಹಾಕಿದ್ದರೆ ಬರೀ ನೀರಿನಲ್ಲಿ ಎರಡು ಮೂರು ಸಲ ತೊಳೆದು ಶುರುಮಾಡಿ, ಇಲ್ಲದಿದ್ದರೆ ಎಂಜೈಮ್ ಸಾಯುತ್ತದೆ. ಗ್ರಾನೈಟಿನ ಮೇಲೆ ಒಂದು ಸಲ ಸಾಕು. ಟೈಲ್ಸ್ ಸಂದಿನ ಸಿಮೆಂಟು, ಹಳೆಯ ರೆಡ್ ಆಕ್ಸೈಡ್ ನೆಲ ಹೀರಿಕೊಂಡಿರುತ್ತವೆ, ಎರಡು ಮೂರು ಸಲ ಬೇಕು. ಹತ್ತಿಯ ಹಾಸಿಗೆಯ ಒಳತನಕ ಇಳಿದಿದ್ದರೆ ಹತ್ತಿ ಬದಲಿಸುವುದೇ ದಾರಿ. ಮರೆತ ಕಲೆ ಹುಡುಕಲು ಯುವಿ ಟಾರ್ಚ್ ಕೊಳ್ಳಿ, ಕತ್ತಲಲ್ಲಿ ಉಚ್ಚೆಯ ಜಾಗ ಹಳದಿ ಹಸಿರಾಗಿ ಹೊಳೆಯುತ್ತದೆ. ಪೆಟ್ಟಿಗೆ ತೊಳೆಯಲು ಮಾತ್ರ ವಾಸನೆ ಕಡಿಮೆಯಿರುವ ಪಾತ್ರೆ ಸೋಪು ಮತ್ತು ಬಿಸಿಲು ಸಾಕು.

ಫೆಲಿವೇ ಕ್ಲಾಸಿಕ್ ಎಂಬ ಗೋಡೆಗೆ ಸಿಕ್ಕಿಸುವ ಫೆರೊಮೋನ್ ಸಾಧನ ಬೆಕ್ಕು ಕೆನ್ನೆ ಉಜ್ಜಿ ಬಿಡುವ ವಾಸನೆಯ ಕೃತಕ ರೂಪ. ಒಂದು ರೀಫಿಲ್ 30 ದಿನ, ಸುಮಾರು 50ರಿಂದ 70 ಚದರ ಮೀಟರ್ ಜಾಗಕ್ಕೆ. ಮನೆ ಬದಲಿಸಿದ್ದು, ಹೊಸ ಬೆಕ್ಕು ಬಂದದ್ದು, ಗುರುತು ಹಾಕುವಿಕೆ ಇಂಥದ್ದರಲ್ಲಿ ನೆರವಾಗಬಹುದು. ಕೊಳಕು ಪೆಟ್ಟಿಗೆಗೆ ಅದು ಔಷಧಿಯಲ್ಲ, ದುಬಾರಿಯೂ ಹೌದು, ಹಾಗಾಗಿ ಕೊನೆಗೆ ಕೊಳ್ಳಿ. ಅಮೆರಿಕದ ಡಾ. ಎಲ್ಸೀಸ್ ಕಂಪನಿಯ ಕ್ಯಾಟ್ ಅಟ್ರಾಕ್ಟ್ ಗಿಡಮೂಲಿಕೆ ಬೆರೆಸಿದ ಬೆಂಟೊನೈಟ್. ಅಲ್ಲಿರುವ ಕನ್ನಡಿಗರಿಗೆ ಅಂಗಡಿಯಲ್ಲೇ ಸಿಗುತ್ತದೆ, ಮೊದಲ ಚೀಲಕ್ಕೆ ಅದನ್ನೇ ತರಬಹುದು. ಇಲ್ಲಿಗೆ ತರಿಸಲು ಹಡಗಿನ ಖರ್ಚು ಕೊಡುವಷ್ಟು ವ್ಯತ್ಯಾಸ ಅದರಲ್ಲಿಲ್ಲ.

ಹೊಸ ಟಬ್ಬಿನಲ್ಲಿ ನಾಲ್ಕು ವಾರ ತಪ್ಪದೆ ಉಂಡೆ ಸಿಕ್ಕ ಮೇಲಷ್ಟೇ ಅದನ್ನು ನಿಮಗೆ ಬೇಕಾದ ಜಾಗಕ್ಕೆ ಸರಿಸಲು ಶುರುಮಾಡಿ, ದಿನಕ್ಕೆ ಒಂದು ಗೇಣಿಗಿಂತ ಹೆಚ್ಚು ಬೇಡ. ನಡುವೆ ಒಂದು ದಿನ ಉಂಡೆ ತಪ್ಪಿದರೆ ಹಿಂದಿನ ಜಾಗಕ್ಕೆ ಇಟ್ಟು, ಒಂದು ವಾರ ಅಲ್ಲೇ ಬಿಡಿ. ತೆಗೆದ ಉಂಡೆ ಮತ್ತು ಮಲವನ್ನು ಪೇಪರಿನಲ್ಲಿ ಸುತ್ತಿ, ಡೈಪರ್ ಹಾಕುವ ಕಸದ ಜೊತೆ ಕೊಡಿ. ಹಸಿಕಸಕ್ಕೆ ಹಾಕಿದರೆ ಗೊಬ್ಬರ ಹಾಳು, ಕಮೋಡಿಗೆ ಹಾಕಿದರೆ ಬೆಂಟೊನೈಟ್ ಪೈಪಿನೊಳಗೇ ಉಂಡೆ ಕಟ್ಟುತ್ತದೆ.